ಕೌದಿಗೆ ಬಾರದ ಅರಿವೆ

ಕಳೆದ ಚಳಿಗಾಲದ ಆರಂಭದಲ್ಲಿ ಧಾರವಾಡದಿಂದ ನಮ್ಮ ತಾಯಿಯವರ ಫೋನ್ ಬಂದಿತು. ಅವರಿಗೀಗ ಎಪ್ಪತ್ತಾರು ವರ್ಷ. ಒಂದು ಕಣ್ಣಿನ ಪೊರೆ ತೆಗೆಸಿಯಾಗಿದೆ, ಇನ್ನೊಂದರ ದೃಷ್ಟಿ ದಿನೇ ದಿನೇ ಮಂದವಾಗುತ್ತಲಿದೆ. "ಹಳೇ ಅರಿವಿ ಇದ್ರ ಕಳಸಪಾ. ಮೊಮ್ಮಗಳಿಗೊಂದು ಕೌದಿ ಹೊಲೀತೀನಿ. ಕಣ್ಣು ಕಾಣೂತನಕ ಹೊಲದ ಬಿಡ್ತೀನಿ. ಆದ್ರ ಹತ್ತೀವು ಇರಬೇಕು ನೋಡು, ಟೆರಿಕಾಟ್ ಗಿರಿಕಾಟ್ ಕಳಸಬ್ಯಾಡ" ಎಂದರು.

ಇದೇನು ಮಹಾ ಕೆಲಸವೆಂದುಕೊಂಡು ನಾವು ಮುಂದಿನ ಭಾನುವಾರ ಕಪಾಟನ್ನೂ ಮಂಚದ ಕೆಳಗಿನ ಟ್ರಂಕನ್ನೂ ಬರಿದು ಮಾಡಿದೆವು. ದಿಲ್ಲಿಯ ಸರಕಾರಿ ಕ್ವಾರ್ಟರ್ಸಿನಲ್ಲಿ ಬಾಳುವವರ ಮನೆಯಲ್ಲಿ ಎಷ್ಟು ಬಟ್ಟೆ ಇದ್ದೀತು ಎಂದು ವಾಚಕರು ಕೇಳಬಹುದು. ನಾವೂ ಹಾಗೆಯೇ ತಿಳಿದಿದ್ದೆವು. ಯಾರೂ ತೊಡದ, ಯಾರಿಗೂ ಬೇಡವಾದ ಬಟ್ಟೆಗಳೇ ಅರವತ್ತಕ್ಕೂ ಮೇಲಾದವು. ನಾವು ಬಿ.ಎಸ್‌ಸಿ. ಓದಿದವರು, ಓದಿದ ರಸಾಯನಶಾಸ್ತ್ರ ಕಚೇರಿಯ ಕಡತಗಳಲ್ಲಿ ಎಂದೂ ಉಪಯೋಗಕ್ಕೆ ಬಂದದ್ದಿಲ್ಲ. ಆ ದಿನ ಬಂದಿತು. ಒಂದೊಂದು ಬಟ್ಟೆಯ ಒಳ ಅಂಚಿನಿಂದ ಒಂದೆರಡು ಎಳೆ ಹಿರಿದು, ಬಾಲ್ಕನಿಯಲ್ಲಿ ಸ್ಟೀಲಿನ ತಟ್ಟೆ ಇಟ್ಟುಕೊಂಡು, ಕಡ್ಡಿ ಗೀರಿ ಸುಟ್ಟು ನೋಡುತ್ತ ಕುಳಿತೆವು. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಬೂದಿಯಾಗುತ್ತದೆ. ಉಣ್ಣೆ ಕೂದಲು ಸುಟ್ಟಂತೆ ನಾರುತ್ತದೆ. ಪಾಲಿಯೆಸ್ಟರ್ ಕರಗಿ, ಮುದುಡಿ, ಗಟ್ಟಿಯಾದ ಕರಿಮಣಿಯಾಗುತ್ತದೆ. ಸಂಜೆಯ ಹೊತ್ತಿಗೆ ತಟ್ಟೆಯ ತುಂಬ ಕರಿಮಣಿಗಳು. ಅಪ್ಪಟ ಹತ್ತಿಯೆಂದು ತೇರ್ಗಡೆಯಾದವು ಒಂಬತ್ತೇ ಬಟ್ಟೆ. ಅವುಗಳಲ್ಲಿಯೂ ನಾಲ್ಕು ನಮ್ಮ ಮದುವೆಗೆ ಮುಂಚಿನ ಕಾಲದವು.

"ಇಷ್ಟು ಅರಿವೆ ಇದ್ದೂ ಒಂದು ಕೌದಿಗೆ ಗತಿ ಇಲ್ಲವಲ್ಲ" ಎಂದರು ನಮ್ಮ ಮನೆಯವರು. ಆ ಮಾತು ನಮ್ಮನ್ನು ಬಿಡಲಿಲ್ಲ. ಹಳೆಯ ಬಟ್ಟೆಗೆ ಮತ್ತೊಂದು ಬಾಳು ಕೊಡುವ ವಿದ್ಯೆ ಎಲ್ಲಿ ಹೇಗಿತ್ತು, ಅದು ಕೈತಪ್ಪಿದ್ದು ಯಾವಾಗ ಎಂದು ಮೂರು ತಿಂಗಳು ಬಿಡುವಾದಾಗಲೆಲ್ಲ ಓದಿದೆವು. ಓದಿದ್ದರಲ್ಲಿ ಕೆಲವು ಸಂಗತಿಗಳನ್ನು ಸಂಘದ ಬಂಧುಗಳ ಮುಂದಿಡುವ ಆಸೆಯಿಂದ ಈ ಬರಹ.

ಮೊದಲು ನಮ್ಮ ಮನೆಯ ವಿಷಯ. ಇಳಕಲ್ಲಿನ ಹತ್ತಿ ಸೀರೆಯೊಂದು ಮಗ್ಗದಿಂದ ಇಳಿದು ಬಂದರೆ ಅದಕ್ಕೆ ಕತ್ತರಿ ತಾಕುತ್ತಿರಲಿಲ್ಲ. ಉಟ್ಟು ಉಟ್ಟು ನಡು ಸವೆದರೆ, ಸವೆದ ಭಾಗವನ್ನು ಹರಿದು ತೆಗೆದು, ಉಳಿದೆರಡು ತುಂಡುಗಳನ್ನು ಕೂಡಿಸಿ ಹೊಲಿದು ಮತ್ತೆ ಉಡುವರು. ಆಮೇಲೆ ಹುಡುಗಿಯರಿಗೆ ಲಂಗ, ಕೂಸಿಗೆ ಜೋಳಿಗೆ, ಬಾಣಂತಿಯ ತಲೆಗೆ ಕಟ್ಟುವ ಬಟ್ಟೆ. ಅದಾದ ಮೇಲೆ ಕೌದಿ. ಅಪ್ಪನ ಧೋತರ, ಅಜ್ಜಿಯ ಸೀರೆ, ತಮ್ಮನ ಅಂಗಿಯ ಬೆನ್ನು, ಎಲ್ಲ ಪದರು ಪದರಾಗಿ ಹಾಸಿ, ಹೊರಗಿನ ಅಂಚಿನಿಂದ ಸುತ್ತುತ್ತ ಒಳಗೆ ನಡುವಿನವರೆಗೆ ಸಣ್ಣ ಸಣ್ಣ ಹೊಲಿಗೆ ಹಾಕುತ್ತ ಹೋಗುವುದು. ಕೌದಿ ಹರಿದರೆ ಅದೇ ಇನ್ನೊಂದು ಕೌದಿಯ ಹೊಟ್ಟೆಯೊಳಗೆ ಸೇರುತ್ತಿತ್ತು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳ ನಾಲ್ಕು ಮೂಲೆಗಳಲ್ಲಿ ಮಡಿಸಿದ ತ್ರಿಕೋನದ ಬಟ್ಟೆಯ 'ಫುಲಾ' ಇರುತ್ತದೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಇಂದು ಆ ಕೌದಿಗಳು ವಿದೇಶಗಳಲ್ಲಿಯೂ ಪ್ರದರ್ಶನಕ್ಕೆ ಹೋಗುತ್ತವೆ.

ಇದನ್ನೆಲ್ಲ ನಮ್ಮ ಬಡತನದ ಉಪಾಯವೆಂದೇ ನಾವು ಬಹುಕಾಲ ತಿಳಿದಿದ್ದೆವು. ಜಪಾನಿನ ಸಂಗತಿ ಓದಿದ ಮೇಲೆ ಆ ಅಭಿಪ್ರಾಯ ಬದಲಾಯಿತು. ಅಲ್ಲಿಯ ಕಿಮೋನೋ ಹೊಲಿದ ಉಡುಪೇ ಹೌದು, ಆದರೆ ಅದರ ಕತ್ತರಿಕೆಯನ್ನು ನೋಡಬೇಕು. ಸುಮಾರು 36 ಸೆಂಟಿಮೀಟರ್ ಅಗಲ, 12 ಮೀಟರ್ ಉದ್ದದ ಒಂದೇ ಪಟ್ಟಿಯನ್ನು ಎಂಟು ನೇರ ತುಂಡುಗಳಾಗಿ ಕತ್ತರಿಸುತ್ತಾರೆ. ಎರಡು ತೋಳಿಗೆ, ಎರಡು ಮೈಗೆ, ಎರಡು ಮುಂಭಾಗಕ್ಕೆ, ಉಳಿದೆರಡು ಕೊರಳಪಟ್ಟಿಗೆ. ಓರೆ ಇಲ್ಲ, ಕಮಾನು ಇಲ್ಲ, ಆದುದರಿಂದ ನೆಲಕ್ಕೆ ಬೀಳುವ ಚೂರೂ ಇಲ್ಲ. ಒಳ್ಳೆಯ ಕಿಮೋನೋವನ್ನು ಒಗೆಯಬೇಕಾದರೆ ಹೊಲಿಗೆಯನ್ನೆಲ್ಲ ಬಿಚ್ಚಿ, ತುಂಡುಗಳನ್ನು ಒಂದಕ್ಕೊಂದು ಕೂಡಿಸಿ ಮತ್ತೆ ಉದ್ದನೆಯ ಪಟ್ಟಿ ಮಾಡಿ, ತೊಳೆದು, ಗಂಜಿ ಹಾಕಿ, ಹಲಗೆಯ ಮೇಲೆ ಎಳೆದು ಒಣಗಿಸಿ, ಪುನಃ ಹೊಲಿಯುತ್ತಿದ್ದರು. ಹೀಗೆ ಬಿಚ್ಚಿದಾಗ ಸವೆದ ತುಂಡನ್ನು ಒಳಗೆ ತಿರುಗಿಸುವುದು, ಕಾಣದ ಕಡೆಯ ತುಂಡನ್ನು ಕಾಣುವ ಕಡೆಗೆ ತರುವುದು ಸುಲಭ. ಮಕ್ಕಳ ಕಿಮೋನೋಗಳಲ್ಲಿ ಹೆಗಲ ಬಳಿಯೂ ನಡುವಿನ ಬಳಿಯೂ ಮಡಿಕೆ ಹಾಕಿಟ್ಟು, ಮಗು ಬೆಳೆದಂತೆ ಬಿಚ್ಚುತ್ತ ಹೋಗುವರು. ಬಿಚ್ಚುವ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೊಲಿದ ಉಡುಪು ಅದು. ಉತ್ತರ ಜಪಾನಿನ ಚಳಿಯಲ್ಲಿ ಹತ್ತಿ ಬೆಳೆಯುವುದಿಲ್ಲ. ಒಸಾಕಾ ಕಡೆಯ ಹಳೆಯ ಹತ್ತಿ ಬಟ್ಟೆ ಹಡಗಿನಲ್ಲಿ ಅಲ್ಲಿಗೆ ಮಾರಾಟಕ್ಕೆ ಹೋಗುತ್ತಿತ್ತು. ಅಲ್ಲಿಯವರು ಅದನ್ನು ಪದರು ಪದರಾಗಿ ಹೊಲಿದು ತೊಟ್ಟರು, ಹರಿದ ಮೇಲೆ ಸಣ್ಣ ಪಟ್ಟಿಗಳಾಗಿ ಸೀಳಿ ಮಗ್ಗದಲ್ಲಿ ಹೊಕ್ಕಾಗಿ ನೇಯ್ದರು. ಆ ಹೊಲಿಗೆಯ ಚಿತ್ರಗಳನ್ನು ನಮ್ಮ ತಾಯಿಯವರಿಗೆ ತೋರಿಸಿದರೆ ಇದು ಯಾವ ಊರ ಕೌದಿಯೆಂದು ಕೇಳಿಯಾರು.

ಮೈಗೆ ಅಂಟುವಂತೆ ಕತ್ತರಿಸಿ ಹೊಲಿದ ಕೋಟು, ಪ್ಯಾಂಟುಗಳ ಕಥೆಯೇ ಬೇರೆ. ಅವನ್ನು ಬಿಚ್ಚಿದರೆ ಸಿಗುವುದು ಅಂಕುಡೊಂಕು ಚೂರುಗಳು. ಆದ್ದರಿಂದ ಅಂಥ ಬಟ್ಟೆಯನ್ನು ಬಟ್ಟೆಯಾಗಿ ಉಳಿಸುವುದಕ್ಕಿಂತ ಎಳೆಯಾಗಿಯೇ ಹಿಂಜಿ, ಹೊಸದಾಗಿ ನೂಲುವ ಉಪಾಯ ಯುರೋಪಿನಲ್ಲಿ ಹುಟ್ಟಿತು. ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತದ ಬ್ಯಾಟ್ಲಿ ಎಂಬ ಊರಿನ ಬೆಂಜಮಿನ್ ಲಾ ಎಂಬಾತ 1813ರಲ್ಲಿ ಉಣ್ಣೆಯ ಚಿಂದಿಯನ್ನು ಹಿಂಜಿ, ಸ್ವಲ್ಪ ಹೊಸ ಉಣ್ಣೆ ಬೆರೆಸಿ ನೂಲು ಮಾಡಿದನೆಂದು ಹೇಳುತ್ತಾರೆ. ನೆಪೋಲಿಯನ್ನನ ಯುದ್ಧಗಳ ಕಾಲ, ಉಣ್ಣೆಗೆ ಅಭಾವ. ಈ ನೂಲಿಗೆ 'ಶಾಡಿ' ಎಂದು ಹೆಸರಾಯಿತು. ಹಲ್ಲುಗಳುಳ್ಳ ಉರುಳೆಯೊಂದು ಗಿರಗಿರನೆ ತಿರುಗುತ್ತ ಚಿಂದಿಯನ್ನು ಎಳೆ ಎಳೆಯಾಗಿ ಹರಿಯುವ ಯಂತ್ರವನ್ನು ಜನ 'ಡೆವಿಲ್' ಎಂದರು, ಅದು ಕಾರುವ ಧೂಳನ್ನು 'ಸೈತಾನನ ಧೂಳು' ಎಂದರು. ಸಿಂಪಿಗರ ಬಿಗಿ ನೇಯ್ಗೆಯ ಚೂರುಗಳಿಂದ ಮಾಡಿದ ಇನ್ನೊಂದು ಬಗೆಗೆ 'ಮಂಗೋ' ಎಂದು ಹೆಸರು. ಇದು ಯಂತ್ರದಲ್ಲಿ ಹೋಗದೆಂದು ಕೆಲಸಗಾರನೊಬ್ಬ ಗೊಣಗಿದಾಗ ಯಜಮಾನ ಯಾರ್ಕ್‌ಶೈರಿನ ಆಡುಮಾತಿನಲ್ಲಿ "ಮನ್ ಗೋ", ಅಂದರೆ ಹೋಗಲೇಬೇಕು, ಎಂದನಂತೆ. ಈ ಹಣ್ಣಿಗೂ ನಮ್ಮ ಹಣ್ಣಿಗೂ ಸಂಬಂಧವಿಲ್ಲ!

ಬ್ಯಾಟ್ಲಿಗೂ ನೆರೆಯ ಡ್ಯೂಸ್‌ಬರಿಗೂ ಯುರೋಪಿನ ಮೂಲೆಮೂಲೆಯಿಂದ ಚಿಂದಿಯ ಮೂಟೆಗಳು ಬಂದು ಬಿದ್ದವು. ಹೆಂಗಸರು ಸಾಲಾಗಿ ಕುಳಿತು ಗುಂಡಿ ಕಿತ್ತು, ಹೊಲಿಗೆ ಕತ್ತರಿಸಿ, ಬಣ್ಣ ಬಣ್ಣವಾಗಿ ವಿಂಗಡಿಸುತ್ತಿದ್ದರು. ಬಣ್ಣವಾರು ವಿಂಗಡಿಸಿದರೆ ಮತ್ತೆ ಬಣ್ಣ ಹಾಕುವ ಖರ್ಚಿಲ್ಲ ಎಂಬ ಈ ಗುಟ್ಟನ್ನು ಇಟಲಿಯ ಪ್ರಾತೊ ನಗರದವರು ಇಂದಿಗೂ ಪಾಲಿಸುತ್ತಾರೆ. ಏನೂ ಮಾಡಲಾಗದ ಕಸವನ್ನು ಗೊಬ್ಬರವಾಗಿ ಯಾರ್ಕ್‌ಶೈರಿನ ರೂಬಾರ್ಬ್ ತೋಟಗಳಿಗೆ ಹಾಕುತ್ತಿದ್ದರು. ಉಣ್ಣೆಯಲ್ಲಿ ಸಾರಜನಕ ಹೇರಳ, ಅದು ನಿಧಾನವಾಗಿ ಮಣ್ಣಿಗಿಳಿಯುತ್ತದೆ.

ಇಲ್ಲಿ ರಸಾಯನಶಾಸ್ತ್ರದ ಒಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲಾರೆವು. ಚಿಂದಿಯಲ್ಲಿ ಉಣ್ಣೆಯೊಡನೆ ಹತ್ತಿಯೂ ಕಲೆತಿದ್ದರೆ ಏನು ಮಾಡುವುದು? ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಇದಕ್ಕೂ ದಾರಿ ಕಂಡುಕೊಂಡರು. ಚಿಂದಿಯನ್ನು ತಿಳಿಯಾದ ಗಂಧಕಾಮ್ಲದಲ್ಲಿ ನೆನೆಸಿ ಕಾಯಿಸಿದರೆ ಹತ್ತಿಯ ಸೆಲ್ಯುಲೋಸ್ ಕರಿಕಾಗಿ ಪುಡಿಯಾಗುತ್ತದೆ; ಪ್ರೋಟೀನಾದ ಉಣ್ಣೆ ಆಮ್ಲವನ್ನು ತಾಳಿಕೊಂಡು ಉಳಿಯುತ್ತದೆ. ಕಾಸ್ಟಿಕ್ ಸೋಡಾದಲ್ಲಿ ಹಾಕಿದರೆ ತಿರುಗುಮುರುಗು, ಉಣ್ಣೆ ಕರಗಿ ಹತ್ತಿ ಉಳಿಯುತ್ತದೆ. ಸಸ್ಯದ ಎಳೆ, ಪ್ರಾಣಿಯ ಎಳೆ ಎರಡೇ ಇದ್ದ ಕಾಲದಲ್ಲಿ ಬೆರಕೆಯನ್ನು ಬೇರ್ಪಡಿಸುವ ಕೆಲಸ ಕಾಲೇಜಿನ ಪ್ರಯೋಗಾಲಯದಲ್ಲಿಯೇ ಆಗುವಷ್ಟು ಸರಳವಾಗಿತ್ತು.

ಶಾಡಿಗೆ ಕೆಟ್ಟ ಹೆಸರೂ ಬಂದಿತು. ಹಿಂಜಿದಂತೆಲ್ಲ ಎಳೆ ಗಿಡ್ಡವಾಗುತ್ತದೆ. ಗಿಡ್ಡ ಎಳೆಯ ನೂಲು ಬಲಹೀನ. 1861ರಲ್ಲಿ ಆರಂಭವಾದ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೈನಿಕರಿಗೆ ಕಂತ್ರಾಟುದಾರರು ಒದಗಿಸಿದ ಶಾಡಿ ಸಮವಸ್ತ್ರಗಳು ಮಳೆಗೆ ಬಿಚ್ಚಿಹೋದವು. ಇಂಗ್ಲಿಷಿನಲ್ಲಿ ಕಳಪೆ ಎಂಬ ಅರ್ಥಕ್ಕೇ ಆ ಶಬ್ದ ನಿಂತುಬಿಟ್ಟಿತು. ತಪ್ಪು ಚಿಂದಿಯದೋ ಕಂತ್ರಾಟುದಾರನದೋ ಎಂಬುದನ್ನು ಸರಕಾರಿ ಟೆಂಡರುಗಳನ್ನು ಕಂಡ ನಮ್ಮಂಥವರಿಗೆ ಹೇಳಬೇಕಾದ್ದಿಲ್ಲ.

ಇನ್ನು ನಮಗೆ ಅತ್ಯಂತ ಪ್ರಿಯವಾದ ಅಧ್ಯಾಯಕ್ಕೆ ಬರೋಣ. ಸರಕಾರವೊಂದು ತನ್ನ ಪ್ರಜೆಗಳ ಅಂಗಿಯ ಗುಂಡಿಗಳನ್ನು ಎಣಿಸಿದ ಕಥೆ ಇದು. ಗುಮಾಸ್ತನಿಗೆ ಇದಕ್ಕಿಂತ ರುಚಿಯಾದ ಚರಿತ್ರೆ ಇನ್ನೇನಿದೆ?

1941ರ ಜೂನ್ 1, ಭಾನುವಾರ. ಎರಡನೆಯ ಮಹಾಯುದ್ಧದ ನಡುವೆ ಬ್ರಿಟನ್ನಿನ ವ್ಯಾಪಾರ ಮಂಡಲಿಯ ಅಧ್ಯಕ್ಷ ಆಲಿವರ್ ಲಿಟಲ್ಟನ್ ಬಟ್ಟೆಗೆ ಪಡಿತರ ಘೋಷಿಸಿದರು. ಸುದ್ದಿ ಮುಂಚೆ ಹೊರಬಿದ್ದರೆ ಜನ ಅಂಗಡಿಗೆ ಮುಗಿಬೀಳುವರೆಂದು ಅದನ್ನು ಎಷ್ಟು ಗುಟ್ಟಾಗಿಟ್ಟಿದ್ದರೆಂದರೆ, ಬೇರೆ ಕೂಪನ್ ಅಚ್ಚು ಹಾಕಿಸದೆ, ಆಹಾರದ ಪಡಿತರ ಪುಸ್ತಕದಲ್ಲಿ ಮಾರ್ಗರೀನಿಗೆಂದು ಉಳಿದಿದ್ದ ಚೀಟಿಗಳನ್ನೇ ಬಟ್ಟೆಗೆ ಬಳಸಿರೆಂದರು. ತಲೆಗೆ ವರ್ಷಕ್ಕೆ 66 ಕೂಪನ್. ಗಂಡಸಿನ ಪೂರ್ಣ ಸೂಟಿಗೆ 26, ಹೆಂಗಸಿನ ಉಣ್ಣೆಯ ಉಡುಪಿಗೆ 11, ಕಾಲುಚೀಲಕ್ಕೆ 2. ಮುಂದಿನ ವರ್ಷ 66 ಇಳಿದು 48 ಆಯಿತು, ಅದರ ಮುಂದಿನ ವರ್ಷ 36. ಹಣವಿದ್ದರೂ ಕೂಪನ್ ಇಲ್ಲದೆ ಬಟ್ಟೆ ಇಲ್ಲ. ಹೀಗಿರಲು, ಕೊಂಡ ಬಟ್ಟೆ ಬೇಗ ಹರಿದರೆ ಬಡವನ ಗತಿ ಏನು? ಕೂಪನ್ನೂ ಹೋಯಿತು, ಬಟ್ಟೆಯೂ ಹೋಯಿತು.

ಇದಕ್ಕಾಗಿಯೇ ಅದೇ ವರ್ಷ 'ಯುಟಿಲಿಟಿ' ಎಂಬ ಯೋಜನೆ ಹುಟ್ಟಿತು. ಬಟ್ಟೆಯ ಹಾಸುಹೊಕ್ಕು ಎಷ್ಟು ಬಿಗಿ ಇರಬೇಕು, ತೂಕ ಎಷ್ಟು, ಒಗೆದರೆ ಎಷ್ಟರಮಟ್ಟಿಗೆ ಕುಗ್ಗಬಹುದು, ಬಣ್ಣ ಹೇಗೆ ನಿಲ್ಲಬೇಕು ಎಂಬುದಕ್ಕೆಲ್ಲ ಸರಕಾರವೇ ಮಾನದಂಡ ಗೊತ್ತುಮಾಡಿತು. ಬೆಲೆಗೂ ಮಿತಿ. ಆ ಬಟ್ಟೆಗೆ ಖರೀದಿ ತೆರಿಗೆಯ ವಿನಾಯಿತಿ. ಒಳಗೆ ಸಿ.ಸಿ.41 ಎಂಬ ಮುದ್ರೆ. ಆ ಎರಡು ಸಿ ಅಕ್ಷರಗಳು ಕತ್ತರಿಸಿದ ಗಿಣ್ಣಿನ ಉಂಡೆಗಳಂತೆ ಕಂಡದ್ದರಿಂದ ಜನ ಅದನ್ನು 'ಚೀಸ್' ಎಂದೇ ಕರೆದರು. ಸರಕಾರಿ ಬಟ್ಟೆಯೆಂದರೆ ಜೈಲಿನ ಉಡುಪಿನಂತಿದ್ದೀತೆಂಬ ಭಯವಿತ್ತು. ಅದನ್ನು ಹೋಗಲಾಡಿಸಲು 1942ರಲ್ಲಿ ನಾರ್ಮನ್ ಹಾರ್ಟ್‌ನೆಲ್, ಹಾರ್ಡಿ ಏಮೀಸ್, ಡಿಗ್ಬಿ ಮಾರ್ಟನ್ ಮೊದಲಾದ ಲಂಡನ್ನಿನ ಹೆಸರಾಂತ ವಿನ್ಯಾಸಕಾರರಿಂದಲೇ ಮಾದರಿಗಳನ್ನು ಮಾಡಿಸಿದರು. ಅರಮನೆಯವರಿಗೆ ಹೊಲಿಯುತ್ತಿದ್ದ ಕೈ ಕಾರ್ಖಾನೆಯ ಹುಡುಗಿಯ ಕೋಟಿಗೂ ಗೀರು ಹಾಕಿತು. ಆ ಮಾದರಿಗಳು ಇಂದಿಗೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿವೆ.

ಇದರ ಜೊತೆಗೇ 1942ರಲ್ಲಿ ಇನ್ನೊಂದು ಸರಣಿ ಆಜ್ಞೆಗಳು ಹೊರಟವು. ಇವು ಗುಣಮಟ್ಟದ ವಿಷಯವಲ್ಲ, ಬಟ್ಟೆ ಉಳಿಸುವ ವಿಷಯ. ಹೆಂಗಸರ ಉಡುಪಿಗೆ ಎರಡಕ್ಕಿಂತ ಹೆಚ್ಚು ಕಿಸೆ ಕೂಡದು, ಐದಕ್ಕಿಂತ ಹೆಚ್ಚು ಗುಂಡಿ ಕೂಡದು, ಲಂಗಕ್ಕೆ ಆರು ಹೊಲಿಗೆ, ನೆರಿಗೆ ಇಷ್ಟೇ, ಅಲಂಕಾರದ ಹೊಲಿಗೆಯೂ ಅಳತೆಯ ಪ್ರಕಾರ. ಗಂಡಸರಿಗೆ ಎರಡು ಸಾಲು ಗುಂಡಿಯ ಕೋಟು ನಿಷಿದ್ಧ, ತೋಳತುದಿಯ ಗುಂಡಿ ನಿಷಿದ್ಧ, ಪ್ಯಾಂಟಿನ ಕೆಳತುದಿಯಲ್ಲಿ ಮೇಲಕ್ಕೆ ಮಡಿಸುವ ಪಟ್ಟಿಯೂ ನಿಷಿದ್ಧ. ಗಂಡಸರು ಉಳಿದುದನ್ನೆಲ್ಲ ಸಹಿಸಿದರು, ಆ ಮಡಿಕೆ ಹೋದದ್ದನ್ನು ಮಾತ್ರ ಸಹಿಸಲಿಲ್ಲ. ಬೇಕೆಂದೇ ಉದ್ದದ ಪ್ಯಾಂಟು ಕೊಂಡು ಮನೆಯಲ್ಲಿ ಮಡಿಸಿ ಹೊಲಿದುಕೊಳ್ಳತೊಡಗಿದರು. ಕಡೆಗೆ 1944ರಲ್ಲಿ ಸರಕಾರವೇ ಸೋತು ಆ ನಿರ್ಬಂಧ ಸಡಿಲಿಸಿತು.

ನಮ್ಮ ಅಭಿಪ್ರಾಯದಲ್ಲಿ ಈ ಎರಡು ಕಡತಗಳಲ್ಲಿ ಮೊದಲನೆಯದು ಜಾಣತನದ್ದು, ಎರಡನೆಯದು ಅರ್ಧ ಜಾಣತನದ್ದು. ಏಕೆಂದರೆ ಪ್ಯಾಂಟಿನ ಕೆಳಗಿನ ಮಡಿಕೆ ಬರೀ ಷೋಕಿಯಲ್ಲ. ಅದು ಠೇವಣಿ ಇಟ್ಟ ಬಟ್ಟೆ. ನಾವು ಶಾಲೆಗೆ ಹೋಗುವಾಗ ನಮ್ಮ ತಂದೆಯವರು ಸಿಂಪಿಗನ ಅಂಗಡಿಯಲ್ಲಿ ನಿಂತು ಹೇಳುತ್ತಿದ್ದುದು ಒಂದೇ ಮಾತು: "ಬೆಳಿಯೂ ಹುಡುಗ, ಕೆಳಗ ಮೂರಿಂಚು ಬಿಡ್ರಿ." ವರ್ಷಕ್ಕೊಮ್ಮೆ ಒಂದೊಂದು ಇಂಚು ಇಳಿಸಿದಾಗ, ಬಿಸಿಲು ಕಾಣದ ಆ ಪಟ್ಟಿ ಕಡುಬಣ್ಣದಲ್ಲಿ ಎದ್ದು ಕಾಣುತ್ತಿತ್ತು. ನಮ್ಮ ಖಾಕಿ ಪ್ಯಾಂಟಿನ ಪಟ್ಟಿಗಳನ್ನು ಎಣಿಸಿ ನಾವು ಎಷ್ಟನೆಯ ಇಯತ್ತೆ ಎಂದು ಹೇಳಬಹುದಾಗಿತ್ತು. ಆಗ ಅದೊಂದು ನಾಚಿಕೆ. ಅಂಗಿಯ ಕೊರಳಪಟ್ಟಿ ಸವೆದರೆ ಅದನ್ನು ಬಿಚ್ಚಿ ತಿರುಗಿಸಿ ಹೊಲಿಸುವುದೂ ಹಾಗೆಯೇ. ಬ್ರಿಟಿಷ್ ಸರಕಾರ 1943ರಲ್ಲಿ 'ಮೇಕ್ ಡೂ ಅಂಡ್ ಮೆಂಡ್' ಎಂಬ ಕಿರುಪುಸ್ತಕ ಹೊರಡಿಸಿ ತೇಪೆ ಹಾಕುವುದು, ರಫೂ ಮಾಡುವುದು, ಹಳೆಯ ಸ್ವೆಟರ್ ಬಿಚ್ಚಿ ಹೊಸದು ಹೆಣೆಯುವುದು ಇವನ್ನೆಲ್ಲ ಕಲಿಸಿತು. ಮಹಿಳಾ ಸ್ವಯಂಸೇವಕಿಯರು ಮಕ್ಕಳ ಬಟ್ಟೆ ವಿನಿಮಯ ಕೇಂದ್ರಗಳನ್ನು ನಡೆಸಿದರು. ಧಾರವಾಡದ ಸಿಂಪಿಗನಿಗೆ ಯಾರೂ ಪುಸ್ತಕ ಕೊಡಬೇಕಾಗಿರಲಿಲ್ಲ. ಅದೇ 1943ರಲ್ಲಿ ಇಲ್ಲಿಯೂ ಹತ್ತಿ ಬಟ್ಟೆ ಮತ್ತು ನೂಲಿನ ನಿಯಂತ್ರಣ ಆಜ್ಞೆ ಜಾರಿಗೆ ಬಂದಿತು. 'ಕಂಟ್ರೋಲ್ ಅರಿವಿ'ಗೆ ಪಾಳಿ ಹಚ್ಚಿ ನಿಂತ ಕಥೆಯನ್ನು ನಮ್ಮ ಅಜ್ಜ ಸಾಯುವತನಕ ಹೇಳುತ್ತಿದ್ದರು.

ಬ್ರಿಟನ್ನಿನಲ್ಲಿ ಬಟ್ಟೆಯ ಪಡಿತರ 1949ರ ಮಾರ್ಚ್‌ನಲ್ಲಿ ಮುಗಿಯಿತು, ಯುಟಿಲಿಟಿ ಯೋಜನೆ 1952ರವರೆಗೆ ನಡೆಯಿತು. ಬಟ್ಟೆಗೆ ಎರಡನೆಯ ಬಾಳು ಉಂಟೇ ಇಲ್ಲವೇ ಎಂಬುದು ಅದು ಹರಿದ ದಿನವಲ್ಲ, ನೇಯ್ದು ಕತ್ತರಿಸಿದ ದಿನವೇ ತೀರ್ಮಾನವಾಗುತ್ತದೆ. ಇದನ್ನು ಸರಕಾರಿ ನಿಯಮವಾಗಿ ಬರೆದಿಟ್ಟ ಉದಾಹರಣೆ ಅದಕ್ಕೂ ಮುಂಚೆ ನಮ್ಮ ಓದಿನಲ್ಲಿ ಸಿಕ್ಕಿಲ್ಲ.

ಆದರೆ ಚರಿತ್ರೆಯ ಚೇಷ್ಟೆ ನೋಡಿ. ಆ 1941ರಲ್ಲಿಯೇ ಅದೇ ಇಂಗ್ಲೆಂಡಿನಲ್ಲಿ, ಮ್ಯಾಂಚೆಸ್ಟರಿನ ಕ್ಯಾಲಿಕೋ ಪ್ರಿಂಟರ್ಸ್ ಅಸೋಸಿಯೇಷನ್ನಿನ ಇಬ್ಬರು ರಸಾಯನ ವಿಜ್ಞಾನಿಗಳು, ಜಾನ್ ರೆಕ್ಸ್ ವಿನ್‌ಫೀಲ್ಡ್ ಮತ್ತು ಜೇಮ್ಸ್ ಟೆನಂಟ್ ಡಿಕ್ಸನ್, ಹೊಸ ಎಳೆಯೊಂದಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಅದೇ ಟೆರಿಲೀನ್, ಪಾಲಿಯೆಸ್ಟರ್. ಹರಿಯದು, ಸುಕ್ಕುಗಟ್ಟದು, ಒಗೆದರೆ ಗಳಿಗೆಯಲ್ಲಿ ಒಣಗುವುದು. ಹತ್ತಿಯೊಡನೆ ಬೆರೆಸಿ ನೇಯ್ದ ಟೆರಿಕಾಟ್ 1960-70ರ ದಶಕಗಳಲ್ಲಿ ನಮ್ಮ ದೇಶವನ್ನು ಗೆದ್ದಿತು. ನಮ್ಮ ತಂದೆಯವರ ಮದುವೆಯ ಪ್ಯಾಂಟು ಟೆರಿಕಾಟಿನದು. ಇಸ್ತ್ರಿಯ ಗೆರೆ ಹೋಗದ ಆ ಪ್ಯಾಂಟಿನ ಬಗ್ಗೆ ಅವರಿಗೆ ಕೊನೆಯವರೆಗೂ ಹೆಮ್ಮೆ. ಅವರು ತೀರಿಕೊಂಡ ಮೇಲೆ ತಾಯಿಯವರು ಅದನ್ನು ಕೈಯಲ್ಲಿ ಹಿಡಿದು ನೋಡಿ, ಮತ್ತೆ ಟ್ರಂಕಿನಲ್ಲಿಯೇ ಇಟ್ಟರು. ಕೌದಿಗೆ ಹಾಕಲಿಲ್ಲ. ಬೆವರು ಹೀರುವುದಿಲ್ಲ, ಮೆತ್ತಗಾಗುವುದಿಲ್ಲ, ಹೊದ್ದರೆ ಸೆಕೆ. ಬಾಳಿಕೆ ಬರುವುದೇ ಬೇರೆ, ಇನ್ನೊಂದಕ್ಕೆ ಬರುವುದೇ ಬೇರೆ ಎಂಬುದನ್ನು ಅವರು ಯಾವ ಪ್ರಯೋಗಾಲಯವೂ ಇಲ್ಲದೆ ಬಲ್ಲರು.

ಈ ಮಾತನ್ನು ಕಣ್ಣಾರೆ ಕಂಡದ್ದು ಪಾಣಿಪತ್ತಿನಲ್ಲಿ. ದಿಲ್ಲಿಯಿಂದ ಉತ್ತರಕ್ಕೆ ಸುಮಾರು ತೊಂಬತ್ತು ಕಿಲೋಮೀಟರ್. ಮೂರು ಯುದ್ಧಗಳಿಂದ ಪಠ್ಯಪುಸ್ತಕ ಸೇರಿದ ಆ ಊರು ಇಂದು ಜಗತ್ತಿನ ಚಿಂದಿಯ ರಾಜಧಾನಿಗಳಲ್ಲೊಂದು. ಬ್ಯಾಟ್ಲಿಯ ವಿದ್ಯೆಗೆ ವಾರಸುದಾರ. ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರು ಅಲ್ಲಿಂದ ದಿನಾ ರೈಲಿನಲ್ಲಿ ಬಂದುಹೋಗುವವರು. ಅವರು ಒಂದು ಶನಿವಾರ ನಮ್ಮನ್ನು ಪರಿಚಯದವರ ಕಾರ್ಖಾನೆಗೆ ಕರೆದೊಯ್ದರು. ಒಳಗೆ ಬಟ್ಟೆಯ ಬೆಟ್ಟ. ಪಶ್ಚಿಮ ದೇಶಗಳವರು ಬಿಸಾಡಿದ ಉಣ್ಣೆಯ ಕೋಟು, ಸ್ವೆಟರುಗಳು. ಅವನ್ನು ಇಲ್ಲಿ ತೊಡುವ ಬಟ್ಟೆಯಾಗಿ ಮಾರಬಾರದೆಂದು ಮೊದಲೇ ಕತ್ತರಿಸಿ ಕೆಡಿಸಿ ತರಬೇಕೆಂಬುದು ಆಮದು ನಿಯಮ. ಒಳ್ಳೆಯ ಕೋಟಿಗೆ ಬೆನ್ನಿನುದ್ದಕ್ಕೂ ಕತ್ತರಿ ಹಾಕಿದ್ದನ್ನು ನೋಡಿದಾಗ ಹೊಟ್ಟೆಯಲ್ಲಿ ಒಂದು ಬಗೆಯಾಯಿತು. ಇಲ್ಲಿಯ ನೇಕಾರ, ಸಿಂಪಿಗರ ಹೊಟ್ಟೆಪಾಡಿಗಾಗಿ ಮಾಡಿದ ನಿಯಮವೆಂದು ಸಹೋದ್ಯೋಗಿ ಹೇಳಿದರು, ಸರಿಯೇ.

ನೆಲಕ್ಕೆ ನೆಟ್ಟ ಈಳಿಗೆಯಂಥ ಅಲಗಿನ ಮುಂದೆ ಹೆಂಗಸರು ಕುಳಿತು ಜಿಪ್ಪು, ಗುಂಡಿ, ಅಸ್ತರು, ಲೇಬಲ್ಲು ಎಲ್ಲವನ್ನೂ ಸರಸರನೆ ಕತ್ತರಿಸಿ ತೆಗೆಯುತ್ತಿದ್ದರು. ಬ್ಯಾಟ್ಲಿಯ ಬಗ್ಗೆ ಓದಿದ್ದ ದೃಶ್ಯವೇ. ಕೆಂಪಿನ ರಾಶಿ, ನೀಲಿಯ ರಾಶಿ, ಬೂದಿ ಬಣ್ಣದ ರಾಶಿ. ಆಚೆ ಹಿಂಜುವ ಯಂತ್ರ. ಅದರ ಧೂಳು ಸೂರಿನಿಂದ ಜೇಡರ ಬಲೆಯಂತೆ ಇಳಿಬಿದ್ದಿತ್ತು. ಮೂಗಿಗೆ ಸೆರಗು ಸುತ್ತಿಕೊಂಡಿದ್ದುದು ಬಿಟ್ಟರೆ ಆ ಹೆಂಗಸರಿಗೆ ಬೇರೆ ರಕ್ಷಣೆ ಇರಲಿಲ್ಲ. ಅರ್ಧ ಗಂಟೆಯಲ್ಲಿ ನಮಗೆ ಕೆಮ್ಮು ಹತ್ತಿತು. ಅವರು ದಿನವಿಡೀ ಅಲ್ಲಿಯೇ. ಹಳೆಯ ಬಟ್ಟೆಯ ಪುನರ್ಜನ್ಮವನ್ನು ಹೊಗಳಿ ಬರೆಯುವವರು ಈ ಧೂಳನ್ನು ಮರೆಯಬಾರದೆಂದು ನಮಗೆ ಅಲ್ಲಿಯೇ ಅನಿಸಿತು.

ಮಾಲೀಕರು ಮಾತುಗಾರರು. ಮೊದಲು ಬರೀ ಉಣ್ಣೆ ಬರುತ್ತಿತ್ತು, ಈಗ ಎಲ್ಲದರಲ್ಲೂ ಅಕ್ರಿಲಿಕ್, ಪಾಲಿಯೆಸ್ಟರ್, ಎಲ್ಲವೂ ಮಿಲಾವಟ್ ಎಂದರು. ಭೂಕಂಪ, ನೆರೆ ಬಂದಲ್ಲೆಲ್ಲ ಹಂಚುವ ಅಗ್ಗದ ಕಂಬಳಿ ಒಂದು ಕಾಲಕ್ಕೆ ಪಾಣಿಪತ್ತಿನದೇ ಆಗಿತ್ತು. ಹೊಸ ಪಾಲಿಯೆಸ್ಟರಿನ ಹಗುರ, ಮೃದು ಕಂಬಳಿ ಬಂದು ಆ ಮಾರುಕಟ್ಟೆಯನ್ನು ಬಹುಮಟ್ಟಿಗೆ ಕಸಿದುಕೊಂಡಿತು. ಈಗ ಅಲ್ಲಿಯ ಹಲವು ಕಾರ್ಖಾನೆಗಳು ಸಿದ್ಧ ಉಡುಪಿನ ಕಾರ್ಖಾನೆಗಳ ಹತ್ತಿ ಚೂರುಗಳಿಂದ ನೂಲು ತೆಗೆದು ಚಾಪೆ, ಜಮಖಾನೆ, ಪರದೆ ನೇಯುತ್ತವೆ. ಜೀನ್ಸ್ ಹೇಗೆ ಎಂದು ಕೇಳಿದೆವು. ಅವರು ನಕ್ಕು ತಾಮ್ರದ ರಿವೆಟ್ಟುಗಳ ಡಬ್ಬಿಯೊಂದನ್ನು ತೋರಿಸಿದರು. 1873ರಲ್ಲಿ ಅಮೆರಿಕದ ಜೇಕಬ್ ಡೇವಿಸ್ ಎಂಬ ಸಿಂಪಿಗ ಲೀವೈ ಸ್ಟ್ರಾಸ್‌ನೊಡನೆ ಸೇರಿ ಕೂಲಿಕಾರರ ಪ್ಯಾಂಟಿನ ಕಿಸೆ ಕಿತ್ತುಬರದಂತೆ ಹಾಕಿದ ರಿವೆಟ್ಟಿಗೆ ಪೇಟೆಂಟ್ ಪಡೆದಿದ್ದ. ಬಾಳಿಕೆಗಾಗಿ ಹಾಕಿದ ಆ ರಿವೆಟ್ಟೇ ಹಿಂಜುವ ಯಂತ್ರದ ಹಲ್ಲಿಗೆ ವೈರಿ. ಒಂದೊಂದನ್ನೂ ಕೈಯಿಂದ ಕೀಳಬೇಕು, ಕೀಳುವಾಗ ಸುತ್ತಲಿನ ಬಟ್ಟೆಯೂ ಹೋಗುತ್ತದೆ.

ಪಾಲಿಯೆಸ್ಟರನ್ನೂ ಹತ್ತಿಯನ್ನೂ ಬೇರ್ಪಡಿಸುವುದು ಹೇಗೆಂದು ವಿಜ್ಞಾನಿಗಳು ಕೈಕಟ್ಟಿ ಕುಳಿತಿಲ್ಲ. ಹಾಂಗ್‌ಕಾಂಗಿನ ಸಂಶೋಧಕರು ನೀರು, ಕಾವು, ಒತ್ತಡ ಮತ್ತು ಸ್ವಲ್ಪ ಸಿಟ್ರಿಕ್ ಆಮ್ಲದ ಸಹಾಯದಿಂದ ಹತ್ತಿಯನ್ನು ಸೆಲ್ಯುಲೋಸ್ ಪುಡಿಯಾಗಿಸಿ, ಪಾಲಿಯೆಸ್ಟರ್ ಎಳೆಯನ್ನು ಇಡಿಯಾಗಿ ಹೊರತೆಗೆಯುವ ಯಂತ್ರ ಮಾಡಿದ್ದಾರೆ. ಬ್ಯಾಟ್ಲಿಯ ಗಂಧಕಾಮ್ಲದ ಮೊಮ್ಮಗನೆನ್ನಬಹುದು. ಆದರೆ ಜಗತ್ತಿನ ಬಟ್ಟೆಯ ಬೆಟ್ಟಕ್ಕೆ ಅದು ಇನ್ನೂ ಚಮಚ. ಕಡತಗಳೂ ಮತ್ತೆ ಚಲಿಸಿವೆ. ಯುರೋಪಿಯನ್ ಒಕ್ಕೂಟದಲ್ಲಿ 2024ರಲ್ಲಿ ಜಾರಿಗೆ ಬಂದ ನಿಯಮಾವಳಿ, ವಸ್ತುಗಳು ಎಷ್ಟು ಬಾಳಬೇಕು, ರಿಪೇರಿಗೆ ಹೇಗೆ ಬರಬೇಕು, ಮರುಬಳಕೆಗೆ ಹೇಗೆ ಒದಗಬೇಕು ಎಂಬುದನ್ನು ತಯಾರಿಯ ಹಂತದಲ್ಲಿಯೇ ಗೊತ್ತುಮಾಡುವ ಅಧಿಕಾರ ಕೊಡುತ್ತದೆ. ಬಟ್ಟೆ ಅದರ ಮೊದಲ ಸಾಲಿನಲ್ಲಿದೆ. ಎಂಬತ್ತು ವರ್ಷಗಳ ನಂತರ ಮತ್ತೆ ಯಾವನೋ ಗುಮಾಸ್ತ ಹೊಲಿಗೆಯ ಬಲದ ಕುರಿತು ಟಿಪ್ಪಣಿ ಬರೆಯುತ್ತಿರಬೇಕು. ಆತನಿಗೆ ನಮ್ಮದೊಂದು ಅರಿಕೆ: ಕಿಸೆ ಎಣಿಸುವುದನ್ನು ಬಿಟ್ಟು, ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ ನೋಡಪ್ಪಾ.

ಇದನ್ನು ಸುಮ್ಮನೆ ಹೇಳುತ್ತಿಲ್ಲ. ಮಗಳ ಶಾಲೆಯ ಪ್ಯಾಂಟು ಏಳು ತಿಂಗಳಲ್ಲಿ ಗಿಡ್ಡವಾಯಿತು. ಸೆಕ್ಟರಿನ ಮೂಲೆಯಲ್ಲಿ ಕುಳಿತುಕೊಳ್ಳುವ ದರ್ಜಿಗೆ ಕೊಟ್ಟರೆ ಆತ ಒಳಗಿನ ಹೊಲಿಗೆ ಮಗುಚಿ ತೋರಿಸಿ, "ಸಾಬ್, ಅಂದರ್ ಕಪಡಾ ಹೀ ನಹೀಂ ಹೈ" ಎಂದ. ಹೊಲಿಯುತ್ತಲೇ ಅಂಚು ಕತ್ತರಿಸುವ ಯಂತ್ರದ ಹೊಲಿಗೆ. ಒಂದು ಬೆರಳಿನಗಲವೂ ಉಳಿಸಿರಲಿಲ್ಲ. ಹಳೆಯ ಬಟ್ಟೆಗೆ ಪಾತ್ರೆ ಕೊಡುವ ವಾಘ್ರಿ ಸಮುದಾಯದ ಮುದುಕಿಯೊಬ್ಬಳು ನಮ್ಮ ಬ್ಲಾಕಿಗೆ ಬರುತ್ತಾಳೆ. ಅವಳು ಕೊಂಡದ್ದು ನಸುಕಿನಲ್ಲಿ ರಘುಬೀರ್ ನಗರದ ಸಂತೆಗೆ ಹೋಗುತ್ತದೆ. ತೊಡಲು ಬರುವುದು ಬಡವರ ಮೈಗೆ, ಬಾರದ್ದು ಒರೆಸಲಿಕ್ಕೆ. ಕರಿಮಣಿಯ ಐವತ್ತು ಬಟ್ಟೆಗಳನ್ನು ಅವಳ ಮುಂದೆ ಹಾಕಿದೆವು. ಅವಳು ಒಂದೊಂದನ್ನೇ ಬೆಳಕಿಗೆ ಹಿಡಿದು, ಹಿಂಡಿ, ಎಳೆದು ನೋಡಿ, ಮೂವತ್ತನ್ನು ಆರಿಸಿಕೊಂಡು ಒಂದು ಸ್ಟೀಲಿನ ಡಬ್ಬಿ ಕೊಟ್ಟಳು. ಉಳಿದುದನ್ನು ಅವಳೂ ಒಲ್ಲೆನೆಂದಳು. ಬಾಲ್ಕನಿಯಲ್ಲಿ ಇನ್ನೂ ಇವೆ.

ಒಂಬತ್ತು ಹತ್ತಿ ಬಟ್ಟೆಗಳನ್ನು ಪಾರ್ಸೆಲ್ ಮಾಡಿ ಧಾರವಾಡಕ್ಕೆ ಕಳಿಸಿದೆವು. ವಾರ ಬಿಟ್ಟು ಫೋನ್ ಬಂದಿತು. ಸಾಲಲಿಲ್ಲವಂತೆ, ಒಳಗಿನ ಪದರಿಗೆ ತಮ್ಮದೇ ಎರಡು ಸೀರೆ ಹಾಕಿದರಂತೆ. "ಮತ್ತ ನಿಮ್ಮಪ್ಪನ ಪ್ಯಾಂಟೂ ತಗದೇನಿ," ಎ೦ದರು. ಟೆರಿಕಾಟ್ ಬೇಡವೆಂದಿದ್ದಿರಲ್ಲ ಎಂದೆವು. "ಹೊದಿಯೂ ಕಡೆ ಹಾಕಿಲ್ಲೋ. ಒಂದು ಮೂಲ್ಯಾಗ ಅಷ್ಟ. ಅಜ್ಜಂದ ಅಂತ ಆಕಿಗೆ ಗೊತ್ತಿರಲಿ" ಎಂದು, ಸೂಜಿಗೆ ದಾರ ಪೋಣಿಸಿಕೊಡಲು ಪಕ್ಕದ ಮನೆಯ ಹುಡುಗಿಯನ್ನು ಕೂಗುತ್ತ ಫೋನ್ ಇಟ್ಟರು.